ಅಮ್ಮನ ತಿಥಿಯ ಅನ್ನ

ಮಾಲೂರಿನ ಕಲ್ಯಾಣ ಮಂಟಪಗಳ ಅಡುಗೆಯವರಿಗೆಲ್ಲ ನಮ್ಮಮ್ಮ ಗೊತ್ತು. ಮದುವೆ ಊಟ ಮುಗಿಯುವ ಹೊತ್ತಿಗೆ ಹಿಂಬಾಗಿಲಲ್ಲಿ ಪಾತ್ರೆ ಹಿಡಿದು ನಿಂತಿರುತ್ತಿದ್ದಳು. ನೆಂಟರು ಆಡಿಕೊಂಡರೂ ಕ್ಯಾರೇ ಅನ್ನುತ್ತಿರಲಿಲ್ಲ. ಅನ್ನ ಹಿಸುಕಿ, ಸಾರು ಮೂಸಿ, ಹಳಸಿಲ್ಲವೆಂದು ಖಾತ್ರಿಯಾದರೆ ಸಾರನ್ನು ಮತ್ತೊಮ್ಮೆ ಕುದಿಸಿ, ಲಗೇಜ್ ಆಟೋದಲ್ಲಿ ಟೇಕಲ್ ರಸ್ತೆಯ ಇಟ್ಟಿಗೆ ಗೂಡಿನ ಕೆಲಸದವರಿಗೆ ಒಯ್ಯುತ್ತಿದ್ದಳು. ಅದಕ್ಕೂ ಮೊದಲೇ ಅವರಿಗೊಂದು ಫೋನ್ ಹೋಗುತ್ತಿತ್ತು: "ಇವತ್ತು ಒಲೆ ಹಚ್ಬೇಡ್ರಮ್ಮ." ಅವರೂ ಅಡುಗೆ ಮಾಡಿಬಿಟ್ಟರೆ ಆ ಅನ್ನವೂ ದಂಡವಲ್ಲವೇ ಎಂಬುದು ಅವಳ ಯೋಚನೆ. ಹಾಗೆ ಹೇಳಿದ ಮೇಲೆ ಒಂದು ದಿನವೂ ತಪ್ಪಿಸಿದವಳಲ್ಲ.

ಆ ಅಮ್ಮ ಹೋದಳು. ತಿಥಿಗೆ ದೊಡ್ಡಪ್ಪ ನಿಂತು ಊರಿಗೆಲ್ಲ ಸಾಕಾಗುವಷ್ಟು ಅಡುಗೆ ಮಾಡಿಸಿದರು. ಬಂದವರು ಕಡಿಮೆ. ಅನ್ನ, ಹುಳಿ, ಪಾಯಸ ಹಂಡೆಗಟ್ಟಲೆ ಉಳಿಯಿತು. ನಾನು ಅಮ್ಮನ ಫೋನಿನಿಂದಲೇ ಗೂಡಿನ ಹೆಂಗಸೊಬ್ಬಳಿಗೆ ಅದೇ ಮಾತು ಹೇಳಿ, ಆಟೋ ಕರೆತರಲು ಪೇಟೆಗೆ ಹೋದೆ.

ಬಂದು ನೋಡಿದರೆ ಹಂಡೆಗಳು ಖಾಲಿ. ಹಿತ್ತಲಲ್ಲಿ ಗುಂಡಿ ತೋಡಿ ಎಲ್ಲವನ್ನೂ ಸುರಿದು ಮಣ್ಣು ಎಳೆದಿದ್ದರು.

"ತಿಥಿ ಊಟ ಬೇರೆಯವ್ರಿಗೆ ಕಳಿಸ್ಬಾರ್ದು ಕಣಮ್ಮ, ಮನೆಗೆ ಒಳ್ಳೇದಲ್ಲ," ಅಂದರು ದೊಡ್ಡಪ್ಪ.

"ಮಣ್ಣಿಗೆ ಹಾಕೋದು ಒಳ್ಳೇದಾ ದೊಡ್ಡಪ್ಪ? ಅನ್ನ ಹಿಂಗೆ ಹಾಳಾಗ್ಬಾರ್ದು ಅಂತ ತಾನೇ ಅಮ್ಮ ಜೀವ ತೇದಿದ್ದು?"

ಶಾಸ್ತ್ರ ಹೇಳುವವರ ಹೊಟ್ಟೆ ಯಾವಾಗಲೂ ತುಂಬಿರುತ್ತದೆ.

ಬೇಕರಿಯಲ್ಲಿದ್ದಷ್ಟು ಬನ್ನು ಕೊಂಡು ಅದೇ ಆಟೋದಲ್ಲಿ ಗೂಡಿಗೆ ಹೋದೆ. ಆಟೋ ಸದ್ದು ಕೇಳಿ ಮಕ್ಕಳು ತಟ್ಟೆ ಹಿಡಿದು ಓಡಿ ಬಂದವು. ಶೀಟಿನ ಮನೆಗಳ ಮುಂದೆ ಒಂದು ಒಲೆಯಲ್ಲೂ ಬೆಂಕಿಯಿರಲಿಲ್ಲ. ನಾನು ಫೋನ್ ಮಾಡಿದ್ದ ಹೆಂಗಸು ಆಂಧ್ರದ ಕಡೆಯವಳು. ಆದದ್ದನ್ನು ತಲೆ ತಗ್ಗಿಸಿಕೊಂಡೇ ಅವಳಿಗೆ ಹೇಳಿದೆ.

"ಅಯ್ಯೋ, ಪರ್ವಾಲೇದಕ್ಕಾ, ಈಗ ಹಚ್ತೀವಿ ಬಿಡು," ಅಂದಳು. ಆಮೇಲೆ ಸೌದೆ ಜೋಡಿಸುತ್ತಾ ಹೇಳಿದಳು: "ಅಮ್ಮ ಹೋದ ದಿನಾನೂ ನಾವ್ಯಾರೂ ಒಲೆ ಹಚ್ಲಿಲ್ಲಕ್ಕ. ಆವತ್ತು ಯಾರೂ ಫೋನ್ ಮಾಡಿರ್ಲಿಲ್ಲ."

ಸಾವಾದ ಮನೆಯಲ್ಲಿ ಆ ದಿನ ಒಲೆ ಹಚ್ಚುವುದಿಲ್ಲ. ನಾನು ಬನ್ನಿನ ಚೀಲ ಅವಳ ಕೈಗಿಟ್ಟು ಅಲ್ಲೇ ಕೂತು ಅತ್ತುಬಿಟ್ಟೆ. ಆವತ್ತು ನಾವು, ಅಮ್ಮನ ಮನೆಯವರು, ಹೋಟೆಲಿನಿಂದ ಇಡ್ಲಿ ತರಿಸಿ ತಿಂದಿದ್ದೆವು.