ಬಾಗಿಲ ಹಿಂದಿನ ಒಂದು ಗೆರೆ

ನಮ್ಮ ಖೋಲಿಯ ಅಣ್ಣನ ಬಲಗೈ ತೋರುಬೆರಳು ಸದಾ ಬೆಳ್ಳಗಿರುತ್ತಿತ್ತು. ಸೀಮೆಸುಣ್ಣದ ಪುಡಿ ಉಗುರಿನ ಸಂದಿಗೂ ಹೊಕ್ಕಿತ್ತು. ಅವರು ಉಡುಪಿ ಕಡೆಯವರು, ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ಮೇಲ್ವಿಚಾರಕರು. ಎಂಬತ್ತರ ದಶಕದ ಕೊನೆಯಲ್ಲಿ ನಾನು ಮೈಸೂರು ಬಿಟ್ಟು ಗುಮಾಸ್ತೆ ಕೆಲಸಕ್ಕೆ ಬಂದವನು, ಹೋಟೆಲಿನ ಹಿಂದಿನ ಚಾಳಿನಲ್ಲಿ ಅವರ ಒಂದೇ ಕೋಣೆಯ ಖೋಲಿಗೆ ಆರನೆಯವನಾಗಿ ಸೇರಿಕೊಂಡೆ.

ಆರು ಜನಕ್ಕೆ ಕಿಟಕಿ ಒಂದೇ. ಅದರ ಪಕ್ಕ ಚಾಪೆ ಹಾಸುವ ಜಾಗದ ಮೇಲೆ ಎಲ್ಲರ ಕಣ್ಣು. ಬೆಳಿಗ್ಗೆ ನಲ್ಲಿಯಿಂದ ನೀರು ಹೊತ್ತವರಿಗೆ, ಕಸ ಗುಡಿಸಿದವರಿಗೆ ಅಣ್ಣ ಬಾಗಿಲ ಹಿಂದೆ ಅವರವರ ಹೆಸರಿನ ಮುಂದೆ ಒಂದೊಂದು ಗೆರೆ ಎಳೆಯುತ್ತಿದ್ದರು. ತಿಂಗಳ ಮೊದಲ ಭಾನುವಾರ ಯಾರ ಗೆರೆ ಹೆಚ್ಚೋ ಅವರಿಗೆ ಆ ತಿಂಗಳು ಕಿಟಕಿ. ಎಣಿಕೆ ಮುಗಿದ ಕೂಡಲೇ ಎಲ್ಲರ ಗೆರೆಗಳಲ್ಲೂ ಅರ್ಧ ಅಳಿಸಿಬಿಡುತ್ತಿದ್ದರು. ಹಿಂದೆ ಒಬ್ಬ ಮಹಾಶಯ ಗೆರೆ ಗುಡ್ಡೆ ಹಾಕಿಕೊಂಡು, ಆಮೇಲೆ ಬಕೆಟ್ಟನ್ನೇ ಮುಟ್ಟದೆ ವರ್ಷಗಟ್ಟಲೆ ಜಮೀನ್ದಾರನ ಹಾಗೆ ಅಲ್ಲಿ ಬಿದ್ದುಕೊಂಡಿದ್ದನಂತೆ. ಅದಕ್ಕೇ ಈ ಕಟ್ಟಳೆ.

"ನಿನ್ನೆ ಉಂಡದ್ದು ಇವತ್ತಿನ ಹಸಿವಿಗೆ ಆಗ್ತದಾ ಮಾರಾಯ?" ಎನ್ನುತ್ತಿದ್ದರು. ಒಂದೇ ಗೆರೆ ಉಳಿದಿದ್ದರೆ ಮಾತ್ರ ಅದನ್ನು ಮುಟ್ಟುತ್ತಿರಲಿಲ್ಲ. "ಇರ್ಲಿ, ಜನ ಒಬ್ಬ ಇದ್ದಾನೆ ಅಂತ ಗೊತ್ತಾಗ್ಬೇಕಲ್ಲ."

ಕಿಟಕಿ ನಿಜಕ್ಕೂ ಬೇಕಿದ್ದುದು ಅವರಿಗೇ. ಉಬ್ಬಸದ ಮನುಷ್ಯ. ಅದಕ್ಕೇ ಎಲ್ಲರಿಗಿಂತ ಹೆಚ್ಚು ನೀರು ಹೊತ್ತು, ಏದುಸಿರು ಬಿಡುತ್ತ, ಗಾಳಿಯನ್ನು ದುಡಿದು ಪಡೆಯುತ್ತಿದ್ದರು. ಒಂದು ಮಳೆಗಾಲದಲ್ಲಿ ಬಕೆಟ್ ಎತ್ತುವುದೂ ಆಗದಾಯಿತು. ಹೊಸ ಗೆರೆ ಬೀಳಲಿಲ್ಲ, ಹಳೆಯ ನಲವತ್ತು ಇಪ್ಪತ್ತಾಗಿತ್ತು. ಮುಂದಿನ ಎಣಿಕೆಯ ಭಾನುವಾರ ನನ್ನದು ಇಪ್ಪತ್ತೇಳು.

ಅವರೇ ಎಣಿಸಿದರು. ಅವರೇ ತಮ್ಮ ಚಾಪೆ ಸುತ್ತಿ ಗೋಡೆಯ ಮೂಲೆಗೆ ಒಯ್ದರು.

"ನೀವೇ ಇರಿ ಅಣ್ಣಾ," ಎಂದೆ.

"ಮಾಡಿದವನೇ ಮುರಿದ್ರೆ ನಾಳೆ ಯಾರು ಕೇಳ್ತಾರೆ? ಹಾಸು ನೀನು."

ಎರಡನೆಯ ಸಲ ನಾನು ಹೇಳಲಿಲ್ಲ. ಚಾಪೆ ಹಾಸಿ ಒರಗಿದೆ, ತಣ್ಣನೆಯ ಗಾಳಿ ಮುಖಕ್ಕೆ ಬಂತು, ಸುಖವಾಯಿತು. ಆ ಸುಖಕ್ಕೆ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಎರಡು ವಾರದ ಮೇಲೆ ಉಸಿರು ಸಿಕ್ಕದೆ ಒದ್ದಾಡಿದವರನ್ನು ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಸಾಗಿಸಿದೆವು. ಅಲ್ಲಿಂದ ಅವರು ಬರಲಿಲ್ಲ.

ಸೀಮೆಸುಣ್ಣ ನನ್ನ ಕೈಗೆ ಬಂತು. ಅವರ ಹೆಸರಿನ ಮುಂದಿನ ಗೆರೆಗಳನ್ನೂ ತಿಂಗಳು ತಿಂಗಳು ಅರ್ಧರ್ಧ ಅಳಿಸುತ್ತ ಬಂದೆ, ಕಟ್ಟಳೆ ಕಟ್ಟಳೆಯೇ. ಒಂದು ಉಳಿದಾಗ ಕೈ ನಿಂತಿತು. ನಾನು ಖೋಲಿ ಬಿಡುವಾಗಲೂ ಅದು ಅಲ್ಲೇ ಇತ್ತು.

ಈಗ ವಿಲೆ ಪಾರ್ಲೆಯ ಮನೆಯಲ್ಲಿ ಬೇಕಾದಷ್ಟು ಕಿಟಕಿಗಳಿವೆ. ಆದರೂ ಗಾಳಿ ಬೀಸಿದಾಗ ಗೋಡೆಯ ಕಡೆಯಿಂದ ಆ ಉಬ್ಬಸ ಕೇಳಿಸುತ್ತದೆ. ನಾನು ಒಂದಿಷ್ಟು ಸರಿದು ಜಾಗ ಬಿಡುತ್ತೇನೆ.