ಒಂದು ಪುಟಕ್ಕೆ ಒಬ್ಬ ದಾದಿ

ಹೆರಿಗೆ ನೋವು ಕಚೇರಿಯ ಬಾಗಿಲು ತೆರೆಯಲಿ ಎಂದು ಕಾಯುವುದಿಲ್ಲ. ಇದು ಹೆತ್ತವರಿಗೆಲ್ಲ ಗೊತ್ತು, ಹುಟ್ಟಿದವರಿಗಾದರೂ ಗೊತ್ತಿರಬೇಕು. ಆದರೂ ಸಮೋವಾ ದೇಶದ ನಮ್ಮ ಸವಾಯಿ ದ್ವೀಪದ ಈ ಅಂಚಿನಲ್ಲಿ ಎರಡು ಊರಿಗೆ ಒಬ್ಬಳೇ ದಾದಿ ಸಾಕೆಂದು ಆರೋಗ್ಯ ಕಚೇರಿ ತೀರ್ಮಾನಿಸಿತು. ಅವಳು ಎಲ್ಲಿರಬೇಕು? ಈಗಿರುವ ನಮ್ಮ ವಾಯ್‌ಮೊಲಿಯಲ್ಲೋ, ತೊರೆಯಾಚೆಯ ಸಾಗಫೌನಲ್ಲೋ? ಅದಕ್ಕೊಂದು ಸ್ಪರ್ಧೆ. ತಮಗೇ ಏಕೆ ದಾದಿ ಬೇಕೆಂದು ಎರಡೂ ಊರಿನವರು ಮನವೊಲಿಸುವ ಪ್ರಬಂಧ ಬರೆಯಬೇಕು. ಒಂದೇ ಪುಟ. ಎರಡನೆಯ ಪುಟ ಓದಲಾಗುವುದಿಲ್ಲ.

ಶಾಲೆಯಲ್ಲಿ ಮಕ್ಕಳಿಗೆ ‘ಬೆಕ್ಕು ಮೇಲೋ ನಾಯಿ ಮೇಲೋ’ ಎಂದು ಬರೆಯಲು ಕೊಡುತ್ತಾರಲ್ಲ, ಹಾಗೆ. ಜ್ವರದ ಮಾತ್ರೆಗೂ ಪರೀಕ್ಷೆ ಪಾಸಾಗಬೇಕು ನಾವು.

ಈ ಸುದ್ದಿ ಮುಟ್ಟಿದಾಗ ನಮ್ಮೂರಿನ ಫುವಾತಿನೊ ಎಂಬವಳು ಶಾಲೆಯ ಎದುರು ಎಂದಿನಂತೆ ಸಿಹಿ ಉಂಡೆ ಕರಿಯುತ್ತಿದ್ದಳು. ಅವಳ ಮಗಳು ಲೂಪೆ ಪಕ್ಕದಲ್ಲೇ ಕುಳಿತು ಅದನ್ನು ತಿನ್ನುತ್ತಿದ್ದಳು. ಲೂಪೆಗೆ ದಿನ ತುಂಬುತ್ತಿತ್ತು, ಚೊಚ್ಚಲು ಬಸಿರು. ಫುವಾತಿನೊ ಜಾಲರಿ ಸೌಟು ಕೆಳಗಿಟ್ಟು ಮಗಳ ಹೊಟ್ಟೆ ನೋಡಿದಳು. “ದಾದಿ ಹೋದ್ರೆ ಇದನ್ನ ಯಾರು ಹಿಡೀತಾರೆ, ಬಸ್ ಡ್ರೈವರ್ರಾ?”

ಬಸ್ ಡ್ರೈವರ್ ಎಂದಳಲ್ಲ, ಅವನು ನಮ್ಮ ಒಳಗೇರಿಗೆ ಬಸ್ಸು ತರುವಂತಾದದ್ದೇ ಅವಳಿಂದ. ಕೆಸುವಿನ ಗಡ್ಡೆಯ ಮೂಟೆ ಹೊತ್ತು ನಡೆಯುತ್ತಿದ್ದ ಮುದುಕಿಯರನ್ನು ತೋರಿಸಿ, “ಭಾನುವಾರ ಚರ್ಚಲ್ಲಿ ನಿಮ್ಮಮ್ಮ ಇವ್ರ ಪಕ್ಕ ಹೇಗಪ್ಪಾ ಕೂತ್ಕೊಳ್ಳೋದು?” ಎಂದು ಕೇಳಿದ್ದಳು. ಅಷ್ಟೇ. ಮರುದಿನದಿಂದ ಬಸ್ಸು ತಿರುಗಿತು. ಚರ್ಚಿನ ಅಂಗಳದ ಬಿಂಗೋ ಆಟದಲ್ಲಿ ಅಂಕಿ ಕೂಗುವವಳೂ ಅವಳೇ. ಸೋತವರೂ ನಗುತ್ತ ಮನೆಗೆ ಹೋಗುವಂತೆ ಕೂಗುತ್ತಾಳೆ. ಬಾಯಿ ಅಂದರೆ ಅದು.

ಆದರೆ ಪ್ರಬಂಧದ ಕೆಲಸವನ್ನು ಊರ ಸಭೆ ಅವಳಿಗೆ ಕೊಡಲಿಲ್ಲ. ಲೆಮಾನಾ ಅವರಿಗೆ ಕೊಟ್ಟಿತು. ಅವರು ನಮ್ಮೂರಿನ ಮಾತುಗಾರ ಮುಖಂಡರು. ಕೈಯಲ್ಲಿ ಕೋಲು, ಹೆಗಲ ಮೇಲೆ ತೆಂಗಿನ ನಾರಿನ ಚವರಿ ಹಿಡಿದು ಊರ ಪರವಾಗಿ ಮಾತಾಡುವುದು ಅವರ ಮನೆತನದ ಹಕ್ಕು. ಅವರು ಸಂಪ್ರದಾಯ ಬಿಡದೆ ಬರೆದರು. ಮೊದಲು ದೇವರಿಗೆ ವಂದನೆ. ಆಮೇಲೆ ಕಚೇರಿಯ ಹಿರಿಯರಿಗೆ. ಆಮೇಲೆ ವಾಯ್‌ಮೊಲಿಯ ಒಂದೊಂದು ಮನೆತನದ ಬಿರುದು, ಅದರ ಅಂಗಳದ ಹೆಸರು, ಅದರ ಹಿರಿಯರ ಹಿರಿಮೆ, ಒಂದೂ ಹಿಂದುಮುಂದಾಗದಂತೆ. ಕೊನೆಗೆ, ಇಂಥ ಗಣ್ಯರೆದುರು ಬಾಯಿ ತೆರೆಯುವ ಉದ್ಧಟತನಕ್ಕೆ ಕ್ಷಮೆ. ಅಲ್ಲಿಗೆ ಪುಟ ಮುಗಿಯಿತು. ಸಹಿಯನ್ನು ಅಂಚಿನಲ್ಲಿ ಅಡ್ಡಕ್ಕೆ ಹಾಕಿದರು.

ಕಚೇರಿಯಿಂದ ಅದು ವಾಪಸು ಬಂತು. ಕೆಳಗೆ ಅಧಿಕಾರಿ ಬರೆದಿದ್ದ: “ಬಹಳ ಸೊಗಸಾಗಿದೆ. ತಮಗೆ ಏನು ಬೇಕು? ಶುಕ್ರವಾರದೊಳಗೆ ತಿಳಿಸಿ.”

ಊರೆಲ್ಲ ನಕ್ಕಿತು. ನಗುವುದಕ್ಕೇನು, ನಮ್ಮಲ್ಲಿ ಯಾರು ಬರೆದಿದ್ದರೂ ಹಾಗೇ ಬರೆಯುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಕ್ಕ ಫುವಾತಿನೊ, ನಗು ನಿಂತ ಮೇಲೆ ನೇರ ಲೆಮಾನಾ ಅವರ ಮನೆಗೆ ಹೋಗಿ ಚಾಪೆಯ ಅಂಚಿನಲ್ಲಿ ಕುಳಿತಳು.

“ದೊಡ್ಡವ್ರೇ, ಈ ಸಲ ನಾನು ಬರೀತೀನಿ.”

“ನೀನಾ? ಬಿಂಗೋ ಅಂಕಿ ಬರೀತೀಯೇನಮ್ಮಾ?”

“ನಾನು ಅಂಕಿ ಕೂಗಿದ್ರೆ ಜನ ಎದ್ದು ನಿಂತ್ಕೋತಾರೆ. ನೀವು ಬಿರುದು ಕೂಗಿದ್ರೆ ತೂಕಡಿಸ್ತಾರೆ.”

ಒಳಗಿನಿಂದ ಅವರ ಹೆಂಡತಿ ಕಿಸಕ್ಕನೆ ನಕ್ಕರು. ಲೆಮಾನಾ ಕೆಮ್ಮಿ ಗಂಟಲು ಸರಿಮಾಡಿಕೊಂಡರು. “ಬಿರುದು ಬಿಟ್ಟು ಬರೆದ್ರೆ ಊರಿಗೇ ಅವಮಾನ. ಬೆತ್ತಲೆ ಓಡಾಡ್ದಂಗೆ.”

“ಬಿಡಿ ಅಂತ ಯಾರು ಅಂದ್ರು? ಬಿರುದನ್ನ ಕಾಗದದಲ್ಲಿ ತುಂಬಿದ್ರೆ ಆ ಹುಡುಗ ಅಧಿಕಾರಿ ಕಣ್ಣಲ್ಲಿ ಓದಿ ಮುಗಿಸ್ತಾನೆ. ಅದು ಕಿವಿಗೆ ಬೀಳ್ಬೇಕು, ದೊಡ್ಡವ್ರೇ. ನೀವೇ ಕೋಲು ಹಿಡ್ಕೊಂಡು ಕಚೇರಿಗೆ ಬನ್ನಿ. ಗೌರವ ನಿಮ್ಮ ಬಾಯಲ್ಲಿ, ಕೆಲಸ ನನ್ನ ಕಾಗದದಲ್ಲಿ. ನಿಮ್ಮ ದನಿ ಇಲ್ದೆ ನನ್ನ ಪುಟ ಏನು? ಮೀನು ಕಟ್ಟೋ ಕಾಗದ.”

ಅವರು ಚವರಿಯನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡರು. ಅಷ್ಟರಲ್ಲಿ ಸಂಜೆಯ ಪ್ರಾರ್ಥನೆಯ ಶಂಖ ಮೊಳಗಿತು. ಯಾರೂ ದಾರಿಯಲ್ಲಿ ಕಾಣಿಸಬಾರದ ಹೊತ್ತು. ಹಾಗಾಗಿ ಅವಳು ಅಲ್ಲೇ ಕುಳಿತು ಅವರ ಮನೆಯವರೊಂದಿಗೇ ಪ್ರಾರ್ಥಿಸಿದಳು. ಜೋರಾಗಿಯೇ: “ದೇವರೇ, ಲೆಮಾನಾ ಅವರಿಗೆ ಒಳ್ಳೇ ಬುದ್ಧಿ ಕೊಡು.” ಆಮೆನ್ ಎನ್ನದೆ ಅವರಿಗೆ ದಾರಿ ಇರಲಿಲ್ಲ.

ಒಪ್ಪಿಸಿದ್ದಾಯಿತು, ಬರೆಯಬೇಕಲ್ಲ? ಅವಳ ಮೊದಲ ಪುಟದಲ್ಲಿ ಸಾಗಫೌನವರು ಸೋಮಾರಿಗಳು, ಅವರ ಹಾಡು ಶ್ರುತಿ ತಪ್ಪುತ್ತದೆ, ಅವರ ಹಂದಿಗಳು ಬಡಕಲು ಎಂದಿತ್ತು. ಅದರ ಕೆಳಗೆ, ದಾದಿ ಹೋದರೆ ವಾಯ್‌ಮೊಲಿಯಲ್ಲಿ ಒಂದು ಪ್ರಾಣವೂ ಉಳಿಯದು ಎಂದಿತ್ತು. ಅದನ್ನು ದಾದಿ ಪಿಸಾಯಿನಾಳಿಗೇ ಓದಿ ಹೇಳಿದಳು.

“ಅಕ್ಕಾ, ನಾನು ಬರೋಕೆ ಮುಂಚೆ ನೀವೆಲ್ಲ ಬದುಕಿದ್ರಿ ತಾನೆ?” ಎಂದಳು ಪಿಸಾಯಿನಾ. “ಒಂದು ಸುಳ್ಳು ಸಿಕ್ಕಿದ್ರೆ ಅವ್ರು ಹತ್ತು ನಿಜಾನೂ ನಂಬಲ್ಲ. ಇನ್ನು ಹಂದಿ ವಿಷ್ಯ. ಹಂದಿ ಬಡಕಲಾದ್ರೆ ಪಾಪ, ಅವ್ರಿಗೇ ದಾದಿ ಬೇಕು ಅಂತಾರೆ.”

“ಮತ್ತೇನೇ ಬರೀಲಿ?”

“ಅವ್ರ ದೊಡ್ಡ ವಾದ ಯಾವ್ದು ಹೇಳಿ.”

“ರಸ್ತೆ. ಸಾಗಫೌಗೆ ಟಾರು ರಸ್ತೆ ಇದೆ, ನಮಗಿಲ್ಲ. ಅದನ್ನ ಮುಚ್ಚಿಡೋಣ ಅಂತ…”

ಅಲ್ಲೇ ಫುವಾತಿನೊಗೆ ದಾರಿ ಹೊಳೆಯಿತು. ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದ ಲೂಪೆಯ ಕೈಯಿಂದ ಪೆನ್ನು ಕಿತ್ತುಕೊಂಡಳು.

ಹೊಸ ಪುಟ ಹೀಗೆ ಶುರುವಾಯಿತು: “ನಮ್ಮ ದಾದಿಯನ್ನು ನಮ್ಮಲ್ಲೇ ಬಿಡಿ. ಸಾಗಫೌಗೆ ಒಳ್ಳೆಯ ರಸ್ತೆ ಇದೆ ಎಂಬುದು ನಿಜ. ಆ ರಸ್ತೆಯಲ್ಲಿ ಅವರ ಬಸುರಿ ಆಸ್ಪತ್ರೆಗೆ ಹೋಗಬಲ್ಲಳು. ಮಳೆ ಬಂದರೆ ನಮ್ಮ ತೊರೆ ದಾರಿಯ ಮೇಲೇ ಹರಿಯುತ್ತದೆ. ನಮ್ಮವಳು ಎಲ್ಲಿಗೂ ಹೋಗಲಾರಳು. ಹೋಗಲಾರದವರ ಬಳಿಯಲ್ಲೇ ದಾದಿ ಇರಬೇಕು.” ಆಮೇಲೆ ತೊರೆ ಏರಿದಾಗ ಪಿಸಾಯಿನಾ ಹೆರಿಗೆ ಮಾಡಿಸಿದ ತಾಯಂದಿರ ಹೆಸರುಗಳು, ಅವರ ಒಪ್ಪಿಗೆಯೊಂದಿಗೆ. ಕೊನೆಗೆ ಮಗಳ ಸಂಗತಿ: “ನನ್ನ ಲೂಪೆ ಈ ತಿಂಗಳೇ ಹೆರುತ್ತಾಳೆ. ಅವಳಿಗೆ ಹೆದರಿಕೆಯಾಗಿದೆ. ನನಗೂ.” ಪುಟದಲ್ಲಿ ಇನ್ನೂ ಜಾಗ ಉಳಿದಿತ್ತು.

ಶುಕ್ರವಾರ ಲೆಮಾನಾ ಕಚೇರಿಯಲ್ಲಿ ಬರಿಗಾಲಲ್ಲಿ ನಿಂತು ಕೋಲೂರಿ ಬಾಯಿ ತೆರೆದರು. ಟೈಪು ಮಾಡುವವರು ಕೈ ನಿಲ್ಲಿಸಿದರು. ಅಧಿಕಾರಿಯೂ ಸಮೋವಾ ತಾಯಿಯ ಮಗನೇ. ಬಿರುದುಗಳು ಕಿವಿಗೆ ಬಿದ್ದ ಮೇಲೆ ಕುರ್ಚಿಯಲ್ಲಿ ಕೂರಲಾರದೆ ನೆಲಕ್ಕಿಳಿದು ಚಕ್ಕಳಮಕ್ಕಳ ಹಾಕಿದ, ತಡವರಿಸುತ್ತ ಪ್ರತಿ ಗೌರವ ಒಪ್ಪಿಸಿದ. ಹಾಗೆ ನೆಲದಲ್ಲಿ ಕುಳಿತಾಗಲೇ ಫುವಾತಿನೊ ಅವನ ಕೈಗೆ ಪುಟ ಕೊಟ್ಟಳು. ಅವನು ಓದಿದ. ರಸ್ತೆಯ ಸಾಲಿಗೆ ಹಿಂತಿರುಗಿ ಮತ್ತೆ ಓದಿದ.

“ಈ ವಾದಕ್ಕೆ ನನ್ನಲ್ಲಿ ಉತ್ತರ ಇಲ್ಲಮ್ಮಾ,” ಎಂದ.

“ಉತ್ತರ ಯಾಕಪ್ಪಾ, ದಾದಿ ಸಾಕು,” ಎಂದಳು.

ದಾದಿ ಉಳಿದಳು. ಲೂಪೆಗೆ ಜೋರು ಮಳೆಯ ದಿನವೇ ನೋವು ಬಂತು. ತೊರೆ ಏರಿತ್ತು, ಪಿಸಾಯಿನಾ ಪಕ್ಕದಲ್ಲಿದ್ದಳು, ಹೆಣ್ಣು ಕೂಸು ಬಾಯಿ ತೆರೆದೇ ಹುಟ್ಟಿತು. “ಅಜ್ಜಿ ಥರಾನೇ,” ಎಂದರು ಲೆಮಾನಾ.

ಕೂಸು ನೋಡಲು ಬಂದವರಲ್ಲಿ ಸಾಗಫೌನ ಹೆಂಗಸರೂ ಇದ್ದರು. ಬಾಣಂತಿಗೆಂದು ಬೇಯಿಸಿದ ಮೀನು ತಂದಿದ್ದರು. ಅವರಲ್ಲಿ ಹಿರಿಯವಳು ಅಂದಳು: “ನಮ್ಮನ್ನ ಚೆನ್ನಾಗೇ ಸೋಲಿಸ್ಬಿಟ್ಟೆ, ಫುವಾತಿನೊ. ರಸ್ತೆ ಇದೆ ನಿಜ. ಬಸ್ಸಿಲ್ಲದ ಹೊತ್ತಲ್ಲಿ ಆ ರಸ್ತೆ ಮೇಲೆ ಓಡೋಕೆ ಗಾಡಿ ಯಾರ ಹತ್ರ ಇದೆ?”

“ಅದನ್ನ ನಾನು ಯೋಚಿಸ್ಲೇ ಇಲ್ಲ,” ಎಂದು ಫುವಾತಿನೊ ಒಪ್ಪಿಕೊಂಡಳು. ಅವಳು ಸೋಲೊಪ್ಪಿದ್ದನ್ನು ನಾವು ಕಂಡದ್ದು ಅದೇ ಮೊದಲು. ಆಮೇಲೆ ಸರಿದು ಚಾಪೆಯಲ್ಲಿ ಜಾಗ ಮಾಡಿ, “ಕೂತ್ಕೊಳ್ಳಿ, ಬರೆಯೋಣ,” ಎಂದಳು.

ಈಗ ನಾವು ಬರೆಯುತ್ತಿದ್ದೇವೆ, ಎರಡೂ ಊರಿನವರು ಒಟ್ಟಾಗಿ: ಎರಡು ಊರಿಗೆ ಇಬ್ಬರು ದಾದಿಯರು. ಇಬ್ಬರು ತಾಯಂದಿರನ್ನು ಒಬ್ಬ ದಾದಿಗಾಗಿ ಪ್ರಬಂಧದಲ್ಲಿ ಕುಸ್ತಿಗಿಳಿಸಿದ ಕಚೇರಿಗೆ ಆ ಒಂದು ಪುಟ ಸಾಲದು. ಓದುತ್ತಿರುವ ನೀವು, ಹೌದು, ಆಸ್ಪತ್ರೆಯ ಪಕ್ಕದಲ್ಲೇ ಮನೆ ಇರುವ ನೀವೇ, ಪತ್ರಿಕೆ ಮಡಚಿಟ್ಟು ಒಂದು ಹಾಳೆ ತೆಗೆದುಕೊಳ್ಳಿ. ಸುಳ್ಳು ಬರೆಯಬೇಡಿ, ಯಾರನ್ನೂ ಹಳಿಯಬೇಡಿ. ಸಾಗಫೌಗೆ ಒಬ್ಬ ದಾದಿ ಬೇಕೆಂದು ಮೊದಲ ಸಾಲಿನಲ್ಲೇ ಕೇಳಿ, ನಿಮ್ಮ ಹೆಸರು ಹಾಕಿ, ಆರೋಗ್ಯ ಕಚೇರಿಗೆ ಇವತ್ತೇ ಕಳಿಸಿ.