ಗಾಳಿಗೆ ಕಾದ ರೊಟ್ಟಿ

ಕಾಯಿಲೆಯವರನ್ನು ನೋಡಲು ಬರಿಗೈಯಲ್ಲಿ ಹೋಗಬಾರದೆಂಬುದು ನಮ್ಮ ಕಡೆಯ ಅಲಿಖಿತ ಶಾಸ್ತ್ರ. ಕಾಯಿಲೆಯವನು ಉಣ್ಣಬಹುದೋ ಬಾರದೋ ಎಂಬ ಕ್ಷುಲ್ಲಕ ಪ್ರಶ್ನೆಗೆ ಆ ಶಾಸ್ತ್ರದಲ್ಲಿ ಎಡೆಯಿಲ್ಲ. ಕಳೆದ ವರ್ಷ ರಾಣೆಬೆನ್ನೂರಿನ ಆಸ್ಪತ್ರೆಯೊಂದರಲ್ಲಿ ಅಪೆಂಡಿಕ್ಸ್ ಕಳೆದುಕೊಂಡು ಮಲಗಿದ್ದಾಗ ನನಗಿದು ಹೊಟ್ಟೆ ಮುಟ್ಟುವಂತೆ ತಿಳಿಯಿತು.

ಹೊಟ್ಟೆಯೊಳಗಿನ ಗಾಳಿ ಕೆಳಗೆ ಸರಿಯುವವರೆಗೆ ಬಾಯಿಗೆ ಏನೂ ಹಾಕಕೂಡದೆಂದು ಡಾಕ್ಟರರು ಅಪ್ಪಣೆ ಕೊಟ್ಟು ಹೋದರು. ಅದು ನಡೆಯುವಂತೆ ನೋಡಿಕೊಳ್ಳುವ ಭಾರ ಸಿಸ್ಟರ್ ರೇಣುಕಾ ಅವರ ಹೆಗಲಿಗೆ ಬಿತ್ತು. ಜೊತೆಯವರಿಬ್ಬರು ಕೆಲಸ ಬಿಟ್ಟಿದ್ದರಿಂದ ಇಡೀ ವಾರ್ಡಿಗೆ ಅವರೊಬ್ಬರೇ. ಯಾರದೋ ಸಲೈನ್ ಬದಲಿಸುತ್ತ, ಆಚೆಯ ಮಂಚದಿಂದಲೇ, "ಸರ್, ಗಾಳಿ ಹೋತೇನ್ರಿ?" ಎಂದು ವಿಚಾರಿಸುವರು. ಕಾಲೇಜಿನಲ್ಲಿ ಅಲಂಕಾರಶಾಸ್ತ್ರ ಬೋಧಿಸಿ ಗಳಿಸಿದ್ದ ನನ್ನ ಗಾಂಭೀರ್ಯ, ನೋಡಲು ಬಂದ ಬೀಗರೆದುರು "ಇನ್ನೂ ಇಲ್ರಿ" ಎಂದು ತಲೆ ತಗ್ಗಿಸುತ್ತಿತ್ತು.

ಅಷ್ಟರಲ್ಲಿ ಬ್ಯಾಡಗಿಯಿಂದ ನಮ್ಮಕ್ಕ ಬಂದಳು, ಸಜ್ಜಿ ರೊಟ್ಟಿ, ಕೆಂಪು ಚಟ್ನಿ, ಎಣ್ಣೆಗಾಯಿಗಳ ಗಂಟಿನೊಂದಿಗೆ. "ಹೊಟ್ಟಿ ಖಾಲಿ ಇದ್ರ ಗಾಳಿ ಎಲ್ಲಿಂದ ಬರಬೇಕು? ಒಂದ ತುತ್ತ ತಿನ್ನ" ಎಂದು ರೊಟ್ಟಿ ಮುರಿದೇಬಿಟ್ಟಳು. ನನ್ನ ಬಾಯಿ ನನ್ನನ್ನು ಕೇಳದೆ ತೆರೆದುಕೊಂಡಿತು. ತುತ್ತು ಒಳಸೇರುವ ಮೊದಲೇ ಓಡಿಬಂದು ತಡೆದ ಸಿಸ್ಟರ್ ಬೈಯಲಿಲ್ಲ. ಬೈಸಿಕೊಂಡ ನೆಂಟರು ಮರೆಯಲ್ಲಿ ಉಣಿಸುತ್ತಾರೆಂಬುದು ಅವರಿಗೆ ಗೊತ್ತಿತ್ತು. "ಅಕ್ಕಾರ, ಈಗ ಉಂಡ್ರ ವಾಂತಿ ಆಕ್ಕೈತಿ, ಹೊಲಿಗಿ ಬಿಚ್ಚತಾವ. ನನಗೊಬ್ಬಾಕಿಗೆ ಎಲ್ಲಾ ಕಡೆ ಕಣ್ಣಿಡಾಕ ಆಗವಲ್ದು. ಈ ವಾರ್ಡಿನ ಉಗ್ರಾಣ ನೀವ ಹಿಡೀರಿ" ಎಂದರು.

ನಮ್ಮ ಮದುವೆಮನೆಗಳಲ್ಲಿ ಉಗ್ರಾಣ ಹಿಡಿದ ಹೆಂಗಸಿಗೆ ಮದುಮಗನ ತಂದೆಯೂ ಎದುರಾಡನು. ಬಾಗಿಲಿಗೆ ಸ್ಟೂಲು ಹಾಕಿಕೊಂಡು ಕೂತ ಅಕ್ಕ, ಹಾವೇರಿಯ ಬೀಗರು ತಂದ ಉಂಡಿಯ ಡಬ್ಬಿಯನ್ನೂ ಬಿಡದೆ ವಶಪಡಿಸಿಕೊಂಡಳು. ವಾರ್ಡು ತಣ್ಣಗಾಯಿತು, ಒಡಹುಟ್ಟಿದವಳಿದ್ದೂ ನಾನು ಅನಾಥನಾದೆ.

ಹೊತ್ತು ಇಳಿದಾಗ ಅಕ್ಕ ಸಿಸ್ಟರನ್ನು ಕೇಳಿದಳು: "ಯವ್ವಾ, ನೀ ಉಂಡಿಯೇನು?"

"ಮುಂಜಾನೆ ಚಾ ಕುಡದೇನ್ರಿ" ಎಂದು ಅವರು ನಕ್ಕರು. ಗುತ್ತಲದಿಂದ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಬುತ್ತಿ ಕಟ್ಟಿಕೊಂಡಿರಲಿಲ್ಲವಂತೆ. ಬೆಳಗಿನಿಂದ ಹಸಿವು ಹಸಿವು ಎಂದು ನಾನು ಗೊಣಗಿದ್ದು ಇವರ ಮುಂದೆಯೇ! ನನಗೆ ನಾಚಿಕೆಯಾಯಿತು. ಅಕ್ಕ ಅವರನ್ನು ಕೂರಿಸಿ, ನನಗೆಂದು ತಂದ ಗಂಟನ್ನು ಬಿಚ್ಚಿ, "ಯಾರರ ಕರದ್ರ ನಾ ನೋಡ್ಕೊಂತೀನಿ, ನೀ ಏಳಬ್ಯಾಡ" ಎಂದಳು.

ಅವರು ಮೊದಲ ತುತ್ತು ಬಾಯಿಗಿಡುವಾಗಲೇ, ವೈದ್ಯಶಾಸ್ತ್ರವೂ ಬಂಧುವರ್ಗವೂ ಏಕಕಂಠದಿಂದ ಹಾರೈಸಿದ್ದ ಆ ಸುಮುಹೂರ್ತ ನನಗೆ ಒದಗಿಬಂತು. ಕೂಗಿ ಹೇಳಿದರೆ ಗಂಜಿ ಸಿಗುತ್ತಿತ್ತು. ಆದರೆ ಸಿಸ್ಟರ್ ಎದ್ದುಬಿಡುತ್ತಿದ್ದರು. ಅವರು ಎರಡನೆಯ ರೊಟ್ಟಿ ಮುಗಿಸಿ ಕೈ ತೊಳೆಯುವವರೆಗೆ ಆ ಶುಭವಾರ್ತೆಯನ್ನು ಹೊಟ್ಟೆಯಲ್ಲೇ ಇಟ್ಟುಕೊಂಡೆ.